ಹೇಳುವ ಮುನ್ನ ಕೇಳುವುದು: ಬಾಂಗ್ಲಾದೇಶದ ಉಪ್ಪು-ಬೆಲ್ಲದ ನೀರು

ಭೇದಿಯಿಂದ ಮಕ್ಕಳು ಸಾಯುವುದಕ್ಕೆ ಬಹುಮಟ್ಟಿಗೆ ಕಾರಣ, ದೇಹದ ನೀರು ಮತ್ತು ಲವಣಗಳು ಬರಿದಾಗುವುದು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಒಳಸೇರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂಥ ದ್ರಾವಣವನ್ನು ಕುಡಿಸಿ, ಶೇಕಡಾ 30ರಷ್ಟಿದ್ದ ಮರಣ ಪ್ರಮಾಣವನ್ನು ಶೇಕಡಾ 4ಕ್ಕಿಂತಲೂ ಕೆಳಗಿಳಿಸಿದರು. ಔಷಧವೇನೋ ದೊರಕಿತು. ಅದನ್ನು ಓದುಬರಹವಿಲ್ಲದ, ರೇಡಿಯೋ ಇಲ್ಲದ ಲಕ್ಷಾಂತರ ಗುಡಿಸಲುಗಳಿಗೆ ತಲುಪಿಸುವ ಬಗೆ ಯಾವುದು?

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯು 1979ರಲ್ಲಿ ಸಣ್ಣದಾಗಿ ಪ್ರಯೋಗ ನಡೆಸಿ, 1980ರಿಂದ 1990ರವರೆಗೆ ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ತನ್ನ ಕಾರ್ಯಕರ್ತೆಯರನ್ನು ಕಳುಹಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಪಾಠ ಇಷ್ಟೇ. ಅಳತೆ ತಪ್ಪದಿರಲೆಂದು ಆ ಮನೆಯದೇ ಪಾತ್ರೆಯ ಮೇಲೆ ಅರ್ಧ ಸೇರಿನ ಗೆರೆ ಎಳೆಯುತ್ತಿದ್ದರು. ಕೆಲವು ವಾರಗಳ ನಂತರ ಬೇರೊಬ್ಬರು ಬಂದು, ಆಯ್ದ ಮನೆಗಳ ತಾಯಂದಿರಿಗೆ ಎಷ್ಟು ನೆನಪಿದೆಯೆಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ನಿರ್ಧಾರವಾಗುತ್ತಿದ್ದುದು ಆ ನೆನಪಿನ ಮೇಲೆ! ಆಡಿದ ಮಾತಿಗಲ್ಲ, ಉಳಿದ ಮಾತಿಗೆ ಕೂಲಿ ಎಂಬ ಈ ನಿಯಮ ಅನೇಕ ಪ್ರಚಾರ ಇಲಾಖೆಗಳಿಗೆ ಹಿಡಿಸಲಾರದು.

ತಾಯಂದಿರಿಗೆ ಪಾಠ ಬಾಯಿಪಾಠವಾಗಿತ್ತು. ಆದರೆ ಮಗುವಿಗೆ ಭೇದಿಯಾದಾಗ ದ್ರಾವಣ ಮಾಡಿ ಕುಡಿಸಿದವರು ಮೊದಮೊದಲು ತೀರ ಕಡಿಮೆ. ಹಳ್ಳಿಗರ ಅಜ್ಞಾನವೆಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಸಂಸ್ಥೆ ಹಾಗೆ ಮಾಡದೆ ವಿಚಾರಣೆಗೆ ತೊಡಗಿತು.

ಆಗ ಕಂಡ ಸಂಗತಿಗಳಲ್ಲಿ ಅತ್ಯಂತ ಸ್ವಾರಸ್ಯಕರವಾದುದು ಒಂದು ಶಬ್ದದ ವಿಷಯ. ಕಾರ್ಯಕರ್ತೆಯರು 'ಡಾಯರಿಯಾ' ಎನ್ನುತ್ತಿದ್ದರು. ಹಳ್ಳಿಯ ತಾಯಿಗೆ ಆ ಹೆಸರು ನೀರಿನಂತೆ ಹರಿಯುವ ಉಗ್ರ ಭೇದಿಗೆ ಮಾತ್ರ ಸಲ್ಲುತ್ತಿತ್ತು. ಮೊಲೆಹಾಲುಣ್ಣುವ ಕೂಸಿನ ಭೇದಿ, ಅಜೀರ್ಣ, ಆಮಶಂಕೆ ಇವೆಲ್ಲ ಅವಳ ಲೆಕ್ಕದಲ್ಲಿ ಬೇರೆ ಬೇರೆ ಕಾಯಿಲೆಗಳು. ಆ ಉಪದೇಶ ಅವಕ್ಕೆ ಅನ್ವಯಿಸದು. (ಕನ್ನಡದ ಮನೆಗಳಲ್ಲಿಯೂ 'ಹೊಟ್ಟೆ ಕೆಟ್ಟಿದೆ' ಎಂಬುದೂ 'ವಾಂತಿಭೇದಿ' ಎಂಬುದೂ ಒಂದೇ ಅಲ್ಲವಷ್ಟೆ.) ಇದಲ್ಲದೆ, ಕಾರ್ಯಕರ್ತರಲ್ಲೇ ಹಲವರಿಗೆ ಉಪ್ಪು-ಬೆಲ್ಲದಲ್ಲಿ ನಂಬಿಕೆ ಇರಲಿಲ್ಲ, ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು. ಮೂರನೆಯದಾಗಿ, ಮನೆಯ ನಿರ್ಧಾರಗಳಲ್ಲಿ ಗಂಡಸರ ಮಾತೇ ನಡೆಯುವಲ್ಲಿ ಅವರ ಕಿವಿಗೆ ಈ ವಿಷಯ ಬಿದ್ದೇ ಇರಲಿಲ್ಲ.

ಕ್ರಮ ಬದಲಾಯಿತು. ಕಾರ್ಯಕರ್ತರಿಗೆ ದ್ರಾವಣ ಕೆಲಸ ಮಾಡುವ ರೀತಿಯನ್ನು ಮನಗಾಣಿಸಲಾಯಿತು. ಗಂಡಸರು ಕಲೆಯುವ ಸಂತೆ, ಮಸೀದಿಗಳಲ್ಲಿ ಸಭೆಗಳು ನಡೆದವು. ಶಾಲೆಗಳಿಗೂ ವಿಷಯ ಹೋಯಿತು. ರೇಡಿಯೋ, ಟೆಲಿವಿಷನ್‌ಗಳು ಮನೆಯ ಪಾಠವನ್ನು ಅನುಮೋದಿಸುವ ದನಿಯಾದವು. ಬಳಕೆ ಏರಿತು.

ಇಂದು ನಗರಗಳಲ್ಲಿ ಸಿದ್ಧ ಪೊಟ್ಟಣವೇ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಅದರ ಸೂತ್ರವನ್ನು ತಿದ್ದಿದೆ. ಪೊಟ್ಟಣಗಳಲ್ಲಿ ಒಂದು ಲೀಟರಿನದೂ ಇದೆ, 200 ಮಿಲಿಲೀಟರಿನದೂ ಇದೆ; ನೀರು ಕಡಿಮೆಯಾದರೆ ದ್ರಾವಣದ ಉಪ್ಪು ಹೆಚ್ಚಿ ಮಗುವಿಗೆ ಅಪಾಯ. ಆದ್ದರಿಂದ ಸಂಘದ ಸ್ವಯಂಸೇವಕರು ಕೊಳೆಗೇರಿಗೆ ಪೊಟ್ಟಣ ಹಂಚಲು ಹೊರಟಾಗ ಮೊದಲು ಕೇಳಬೇಕಾದುದು, ಈ ಮನೆಯಲ್ಲಿ ಒಂದು ಲೀಟರ್ ಹಿಡಿಯುವ ಪಾತ್ರೆ ಯಾವುದು, ಮಗುವಿನ ಭೇದಿಗೆ ಇಲ್ಲಿ ಏನೆನ್ನುತ್ತಾರೆ, ಔಷಧದ ವಿಷಯದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು.