ಮೊದಲು ಚಪ್ಪಾಳೆ ತಟ್ಟಿ ನೋಡು

ಪುಟ್ಟಿ, ಪಾಡ್‌ಕಾಸ್ಟಿಗೆ ಫೋನಿನಲ್ಲೇ ಸ್ಟುಡಿಯೋ ಬುಕ್ ಮಾಡ್ತಿದೀನಿ ಮಾವ, ಒಂದು ಗಂಟೆ ಸಾಕು ಅಂದೆಯಲ್ಲ, ಆಗಲೇ ನನ್ನ ಕಿವಿ ನಿಮಿರಿತು. ಮೂವತ್ತು ವರ್ಷ ರೇಡಿಯೋದಲ್ಲಿ ಕೂತ ಕಿವಿ ಇದು. ನಮಗೆ ಸ್ಟುಡಿಯೋ ಸಿಗಬೇಕಾದರೆ ಪುಸ್ತಕದಲ್ಲಿ ಹೆಸರು ಬರೆಸಿ ಸರದಿ ಕಾಯಬೇಕಿತ್ತು. 1935ರಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ ಶುರು ಮಾಡಿದಾಗ ಆ ರಗಳೆಯೂ ಇರಲಿಲ್ಲ ಬಿಡು, ಅವರ ಮನೆಯೇ ಸ್ಟುಡಿಯೋ.

ಆ್ಯಪಿನಲ್ಲಿ ನಿನಗೆ ಕಾಣುವುದು ಫೋಟೋ: ಬಣ್ಣದ ದೀಪ, ಸೋಫಾ, ಗೋಡೆ ತುಂಬ ಫೋಮು. ಫೋಮು ಕೋಣೆಯೊಳಗಿನ ಗುಂಯ್ ಸದ್ದನ್ನು ಹೀರುತ್ತದೆ, ಅಷ್ಟೆ. ಬೀದಿಯ ಹಾರ್ನು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು ಅದಕ್ಕೆ ಬಗ್ಗುವುದಿಲ್ಲ. ಆ ಸದ್ದು ತಡೆಯಲು ದಪ್ಪ ಗೋಡೆ, ಸಂದಿಲ್ಲದೆ ಕೂರುವ ಭಾರದ ಬಾಗಿಲು ಬೇಕು. ದುಡ್ಡು ಕಟ್ಟುವ ಮುಂಚೆ ಒಮ್ಮೆ ಹೋಗಿ, ಬಾಗಿಲು ಹಾಕಿಕೊಂಡು ಜೋರಾಗಿ ಚಪ್ಪಾಳೆ ತಟ್ಟು. ಸದ್ದು ಕೈಯಲ್ಲೇ ಸತ್ತರೆ ಸರಿ, ಬಾಲ ಎಳೆದುಕೊಂಡು ಹೋದರೆ ಬೇರೆ ಕಡೆ ನೋಡು. ಎಸಿ ಹಾಕಿಸಿಯೂ ಕೇಳು. ಹೋಗಲಾಗದಿದ್ದರೆ, ಅಲ್ಲಿ ರೆಕಾರ್ಡಾದ ಕಚ್ಚಾ ಧ್ವನಿ ಕಳಿಸಿ ಅನ್ನು. ತಿದ್ದಿ ತೀಡಿದ್ದು ಬೇಡ.

ಇನ್ನು ಆ ಒಂದು ಗಂಟೆ. ಮೈಕ್ ಹೊಂದಿಸುವುದು, ನೀರು ಕುಡಿಯುವುದು, ಅತಿಥಿ ಊರಿನ ಮಳೆ ಬೆಳೆ ಹೇಳಿ ಹಗುರಾಗುವುದು ಎಲ್ಲ ಅದರಲ್ಲೇ ಕಳೆಯುತ್ತದೆ. ನಲವತ್ತು ನಿಮಿಷದ ಮಾತಿಗೆ ಎರಡು ಗಂಟೆ ಹಿಡಿ. ಹೊತ್ತು ಮೀರಿದರೆ ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸ್, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಮೆಸೇಜಿನಲ್ಲೇ ಕೇಳಿಟ್ಟುಕೋ. ಮೈಕಿಗೊಂದರಂತೆ ಬೇರೆ ಬೇರೆ ಟ್ರ್ಯಾಕ್ ಕೊಡುತ್ತಾರೋ ಅಂತಲೂ ಕೇಳು. ಒಬ್ಬರು ಕೆಮ್ಮಿದರೆ ಇನ್ನೊಬ್ಬರ ಮಾತಾದರೂ ಉಳಿಯಲಿ. ವೇವ್ ಫೈಲು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿಗೆ ಗಂಟೆಗೆ 500 ಎಂಬಿ ದಾಟುತ್ತದೆ. ಹಾರ್ಡ್‌ಡಿಸ್ಕ್ ಒಯ್ಯಿ.

ಹೆಡ್‌ಫೋನ್ ಮಾತ್ರ ಕಿವಿಯಿಂದ ತೆಗೆಯಬೇಡ. ಒಮ್ಮೆ ಸೋಬಾನೆ ಹಾಡುವ ಅಜ್ಜಿಯೊಬ್ಬರನ್ನು ಕೂರಿಸಿಕೊಂಡಿದ್ದೆ. ಅವರ ಮುಖವನ್ನೇ ನೋಡುತ್ತ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ತಲೆದೂಗಿದೆ. ಆಮೇಲೆ ಟೇಪ್ ಹಾಕಿದರೆ ಅರ್ಧ ಗಂಟೆಯೂ ಗಾಜಿನ ಬಳೆ ಮೇಜಿಗೆ ತಾಗುವ ಟಿಣ್ ಟಿಣ್. ಅಜ್ಜಿ ಅಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಒಂದು ಟವೆಲ್ ಇರುತ್ತಿತ್ತು, ಮೇಜಿನ ಮೇಲೆ ಹಾಸಲಿಕ್ಕೆ. ನೀನೂ ಒಂದು ಇಟ್ಟುಕೋ. ಬಳೆ ತೆಗೆಯಿರಿ ಅಂತ ಅಂಥ ಹಿರಿಯರಿಗೆ ಹೇಳಬೇಡ. ಅವರಿಗೆ ‘ಭ’, ‘ಫ’ ಗಟ್ಟಿಯಾಗಿ ಬಂದರೆ ಮೈಕನ್ನು ಬಾಯಿಯ ನೇರದಿಂದ ಕೊಂಚ ಓರೆಗೆ ಸರಿಸು, ಸಾಕು.

ಮಾತೆಲ್ಲ ಮುಗಿದ ಮೇಲೆ ಯಾರನ್ನೂ ಏಳಿಸದೆ ಅರ್ಧ ನಿಮಿಷ ಸುಮ್ಮನೆ ರೆಕಾರ್ಡ್ ಮಾಡು. ಕತ್ತರಿಸಿ ಅಂಟಿಸುವಾಗ ತೇಪೆ ಕಾಣದಿರಲು ಆ ಕೋಣೆಯ ಮೌನವೇ ಬೇಕು. ಮೊದಲ ಸಲ ಯಾರಾದರೂ ನಕ್ಕುಬಿಡುತ್ತಾರೆ. ಇನ್ನೊಂದು ಸಲ ಮಾಡು, ಎರಡು ಗಂಟೆ ಹಿಡಿದಿದ್ದೀಯಲ್ಲ.