ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೈತೂಕ

ಬೆನ್ನುಹುರಿಗೆ ಪೆಟ್ಟಾದವರ ಮೈತೂಕ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಇಳಿದು, ಆಮೇಲೆ ಏರತೊಡಗುತ್ತದೆ. ಇಳಿಯುವುದು ಹೆಚ್ಚಾಗಿ ಸ್ನಾಯು, ಏರುವುದು ಕೊಬ್ಬು. ಗಾಯಕ್ಕಿಂತ ಕೆಳಗಿನ ಸ್ನಾಯುಗಳಿಗೆ ಮಿದುಳಿನ ಆಜ್ಞೆ ತಲುಪದೆ ಅವು ಸೊರಗುತ್ತವೆ. ಸುಮ್ಮನೆ ಮಲಗಿದ್ದರೂ ಸ್ನಾಯು ಶಕ್ತಿಯನ್ನು ಖರ್ಚು ಮಾಡುತ್ತಲೇ ಇರುತ್ತದೆ. ತೊಡೆ, ಸೊಂಟದ ದೊಡ್ಡ ಸ್ನಾಯುಗಳು ಕರಗಿದರೆ ದೇಹದ ದಿನದ ಖರ್ಚೇ ತಗ್ಗುತ್ತದೆ. ಹಸಿವು ಮಾತ್ರ ಅಷ್ಟೇ ತಗ್ಗುವುದಿಲ್ಲ. ಗಾಯ ಕುತ್ತಿಗೆಗೆ ಹತ್ತಿರವಾದಷ್ಟೂ ಈ ಖರ್ಚು ಕಡಿಮೆ. ಗಾಲಿಕುರ್ಚಿಯಲ್ಲಿರುವವರು ದಪ್ಪಗಾದರೆ ಸೋಮಾರಿತನ ಎನ್ನುವವರು ಈ ಲೆಕ್ಕವನ್ನು ಒಮ್ಮೆಯೂ ನೋಡಿದವರಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ, 65 ಕೆ.ಜಿ. ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಬೇಕು. ಕಾಲುಗಳಲ್ಲಿ ಸ್ವಾಧೀನ ಇಲ್ಲದವರಿಗೆ ಆಹಾರತಜ್ಞರು ಹಿಡಿಯುವ ಲೆಕ್ಕ ಒಂದು ಕೆ.ಜಿ. ಮೈತೂಕಕ್ಕೆ ಸುಮಾರು 28 ಕ್ಯಾಲೊರಿ. ಕೈಕಾಲು ನಾಲ್ಕೂ ಬಾಧಿತವಾಗಿದ್ದರೆ ಸುಮಾರು 23. ಅದೇ 65 ಕೆ.ಜಿ.ಯವರಿಗೆ ಇದು 1,820 ಮತ್ತು 1,500ರ ಆಸುಪಾಸಿಗೆ ಬರುತ್ತದೆ. ಕಾಲುಗಳಷ್ಟೇ ಸೋತವರು ಮೊದಲಿನಷ್ಟೇ ಉಂಡರೂ ದಿನಕ್ಕೆ ಸುಮಾರು ಮುನ್ನೂರು ಕ್ಯಾಲೊರಿ ಮಿಗುತ್ತದೆ, ಅಂದರೆ ಒಂದೂವರೆ ಬಟ್ಟಲು ಅನ್ನದಷ್ಟು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ ತಿಂಗಳಿಗೊಂದು ಕೆ.ಜಿ. ಏರುವುದಕ್ಕೆ ಹೊಟ್ಟೆಬಾಕತನವೇನೂ ಬೇಕಾಗಿಲ್ಲ.

ಮನೆಯವರ ಅಕ್ಕರೆ ಈ ಮಿಗುವಿಕೆಯನ್ನು ಇಮ್ಮಡಿಸುತ್ತದೆ. ಈ ಲೇಖಕ ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಮದ್ದು ಹೊಡೆಯುವಾಗ ಬಿದ್ದವನು. ಗಾಯ ಟಿ-10 ಮಟ್ಟದ್ದು, ಅಂದರೆ ಎದೆಭಾಗದ ಹತ್ತನೆಯ ಬೆನ್ನುಮೂಳೆಯ ಹತ್ತಿರ. ನೋಡಲು ಬಂದವರೆಲ್ಲ ಬ್ರೆಡ್ಡು, ಬಿಸ್ಕತ್ತು, ಹಾರ್ಲಿಕ್ಸ್ ತಂದರು. ಬೆನ್ನು ಕೂಡಲಿ ಎಂದು ದೊಡ್ಡಪ್ಪ ಪ್ರತಿ ವಾರ ಮೇಕೆ ಕಾಲಿನ ಸೂಪು ಮಾಡಿಸಿದರು, ಬಿಸಿ ಕಡುಬಿನ ಮೇಲೆ ತುಪ್ಪ ತಾವೇ ಸುರಿದರು. ಸಾಕು ಎಂದರೆ ಮುನಿಸು. "ಹಾಸ್ಗೆ ಹಿಡ್ದವ್ನು ಉಣ್ದೆ ಏಳೋದು ಹ್ಯಾಂಗೋ ಮಾರಾಯ?" ಎಂಬ ಅವರ ಮಾತಿಗೆ ಮನೆಯಲ್ಲಿ ಎದುರಾಡುವವರಿರಲಿಲ್ಲ. ಮುರಿದ ಮೂಳೆ ಉಣಿಸಿದರೆ ಕೂಡೀತು, ಬೆನ್ನುಹುರಿ ಹಾಗೆ ಕೂಡುವುದಿಲ್ಲ ಎಂದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಹಿರಿಯರಿಗೆ ಬಿಡಿಸಿ ಹೇಳಬೇಕಿತ್ತು. ಹೇಳಿದವರಿಲ್ಲ.

ತೂಕ ಅಳೆಯುವುದೇ ಇಲ್ಲಿ ದೊಡ್ಡ ತೊಡಕು. ನಿಲ್ಲಲಾಗದವರಿಗೆ ಸಾಧಾರಣ ತಕ್ಕಡಿಯಿಂದ ಉಪಯೋಗವಿಲ್ಲ. ಗಾಲಿಕುರ್ಚಿ ಸಮೇತ ತೂಗುವ ವೇದಿಕೆ ಬೇಕು. ಅದು ಬಹಳ ಆಸ್ಪತ್ರೆಗಳಲ್ಲಿ ಇಲ್ಲ. ಲೇಖಕ ಹೋಗುತ್ತಿದ್ದ ಹೊರರೋಗಿ ವಿಭಾಗದಲ್ಲಿ ಪ್ರತಿ ಸಲವೂ ಸಿಬ್ಬಂದಿ ಮುಖ ನೋಡಿ 65 ಎಂದು ಬರೆದರು. ಆ ಅಂಕಿ ನಂಬಿ ಡಾಕ್ಟರರು ತೂಕದ ಮಾತೇ ಎತ್ತಲಿಲ್ಲ. ನರನೋವಿಗೆ ಬರೆದುಕೊಟ್ಟ ಪ್ರಿಗಾಬಲಿನ್ ಕೆಲವರಲ್ಲಿ ತೂಕ ಏರಿಸುತ್ತದೆ ಎಂಬುದನ್ನೂ ಯಾರೂ ತಿಳಿಸಲಿಲ್ಲ.

ಏರಿದ ತೂಕದ ಹಾನಿ ಮೊದಲು ಕಾಣುವುದು ಕೈಗಳಲ್ಲಿ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಮೈಯನ್ನು ಸಾಗಿಸುವುದು ಎರಡು ಭುಜಗಳೇ. ಒಂದು ಮಳೆಗಾಲದ ಸಂಜೆ, ಕರೆಂಟು ಹೋಗಿದ್ದಾಗ, ಕುರ್ಚಿಗೆ ದಾಟುವ ಹೊತ್ತಿಗೆ ಲೇಖಕನ ಬಲಭುಜ ಸೋತಿತು. ಸೊಂಟ ಗಾಲಿಗೆ ಬಡಿದು ಮೈ ಮಂಚಕ್ಕೂ ಕುರ್ಚಿಗೂ ನಡುವೆ ಕುಸಿಯಿತು. ಮನೆಯಲ್ಲಿದ್ದವರು ಅಮ್ಮ ಒಬ್ಬರೇ. ಕಂಕುಳಿಗೆ ಕೈಕೊಟ್ಟು ಎಳೆದರು, ಮೈ ಅಲುಗಲಿಲ್ಲ. ಮತ್ತೆ ಎಳೆದಾಗ ಅವರೇ ಮುಗ್ಗರಿಸಿ ಬಿದ್ದರು. ತೋಟದಾಚೆಯ ಮನೆಯವರನ್ನು ಕರೆಯಲು ಮಳೆಯಲ್ಲೇ ಹೊರಟರು. ಸಿಮೆಂಟು ನೆಲದ ಮೇಲೆ, ಕತ್ತಲಲ್ಲಿ, ಯಾವ ಮೂಳೆ ನೆಲಕ್ಕೆ ಒತ್ತುತ್ತಿದೆ ಎಂದು ತಿಳಿಯುವಂತಿರಲಿಲ್ಲ, ಕೆಳಗಿನ ಮೈಗೆ ಸ್ಪರ್ಶವೇ ಇಲ್ಲ. ಮೊಣಕೈ ಊರಿ ಮಗ್ಗುಲು ಬದಲಿಸಲು ನೋಡಿದರೆ ಹೊಟ್ಟೆಯ ಭಾರವೇ ಅಡ್ಡ ಬರುತ್ತಿತ್ತು. ಬಟ್ಟೆ ಒದ್ದೆಯಾಗಿದ್ದು ಮೂತ್ರದಿಂದಲೋ ಬಾಗಿಲಿಂದ ಬಂದ ನೀರಿಂದಲೋ ಗೊತ್ತಾಗಲಿಲ್ಲ. ಅಮ್ಮ ಜಾರಿ ಬಿದ್ದರೆ ಎಂಬ ಭಯವೊಂದೇ ಆಗ ಮನಸ್ಸಿನಲ್ಲಿ ಇದ್ದದ್ದು. ಕೊನೆಗೆ ಇಬ್ಬರು ಗಂಡಸರು ಬಂದು ಕಂಬಳಿಯಲ್ಲಿ ಹಾಕಿ ಎತ್ತಿದರು. ಎತ್ತುವಾಗ ಒಬ್ಬರು ಉಸಿರುಕಟ್ಟಿ ಹೇಳಿದ "ಏನ್ ಭಾರ!" ಎಂಬ ಮಾತು ಬೆನ್ನಿನ ಪೆಟ್ಟಿಗಿಂತ ಹೆಚ್ಚು ನೋಯಿಸಿತು.

ಬೆಳಿಗ್ಗೆ ಸೊಂಟದ ಎಲುಬಿನ ಮೇಲೆ ಕೆಂಪು ಕಲೆ ಕಂಡಿತು, ಒತ್ತಿದರೂ ಮಾಸಲಿಲ್ಲ. ಅದೇ ಹುಣ್ಣಾಯಿತು. ಹುಣ್ಣು ಮಾಯುವ ತನಕ ಕುರ್ಚಿ ಬಿಟ್ಟು ಬೋರಲು ಮಲಗಬೇಕಾಯಿತು, ಮಲಗಿದ್ದಕ್ಕೆ ತೂಕ ಇನ್ನಷ್ಟು ಏರಿತು. ಈ ಸುತ್ತು ಒಮ್ಮೆ ಶುರುವಾದರೆ ಬಿಡಿಸಿಕೊಳ್ಳುವುದು ಕಷ್ಟ.

ನಿಜವಾದ ತೂಕ ತಿಳಿದದ್ದು ಊರಿನ ಸಹಕಾರಿ ಸಂಘದ ಗೋದಾಮಿನಲ್ಲಿ, ಅಡಿಕೆ ಮೂಟೆ ತೂಗುವ ಯಂತ್ರದ ಮೇಲೆ. ಕುರ್ಚಿ ಸಮೇತ ಒಮ್ಮೆ, ಬರೀ ಕುರ್ಚಿ ಇನ್ನೊಮ್ಮೆ ತೂಗಿ ಕಳೆದಾಗ 82 ಕೆ.ಜಿ. ಅಕ್ಕಿ ಗಿರಣಿಯಲ್ಲೋ ಎಪಿಎಂಸಿಯಲ್ಲೋ ಇಂಥ ಯಂತ್ರ ಬಹಳ ಕಡೆ ಸಿಗುತ್ತದೆ. ತಿಂಗಳಿಗೊಮ್ಮೆ, ಅದೇ ಕುರ್ಚಿ, ಅದೇ ದಿಂಬಿನೊಂದಿಗೆ ತೂಗಿದರೆ ಸಾಕು. ಎತ್ತರವನ್ನು ಮಲಗಿಸಿ ಅಳೆಯಬೇಕು. ಸಾಮಾನ್ಯರಿಗೆ ಹೇಳುವ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕಿ) ಮಿತಿ ಇಲ್ಲಿ ಮೋಸ ಮಾಡುತ್ತದೆ: ಸ್ನಾಯು ಹೋಗಿ ಕೊಬ್ಬು ಬಂದ ಮೈಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಬೆನ್ನುಹುರಿ ಗಾಯದವರಿಗೆ 22 ದಾಟಿದರೇ ಬೊಜ್ಜು ಎಂದು ತಜ್ಞರು ಹಿಡಿಯುತ್ತಾರೆ, 170 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 64 ಕೆ.ಜಿ. ಹೊಟ್ಟೆಯ ಸ್ನಾಯು ಸಡಿಲಗೊಂಡವರಲ್ಲಿ ಕೊಬ್ಬಿಲ್ಲದೆಯೂ ಹೊಟ್ಟೆ ಮುಂದೆ ಬರುವುದುಂಟು, ಕನ್ನಡಿ ನಂಬುವಂತಿಲ್ಲ.

ಇಳಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಊಟದ್ದು. ತೋಳಿನ ಸ್ನಾಯು ಚಿಕ್ಕದು. ಎಷ್ಟು ದುಡಿಸಿದರೂ ಕಾಲು ಸುಡುತ್ತಿದ್ದಷ್ಟನ್ನು ಅದು ಸುಡಲಾರದು. ಅನ್ನ ಅಳತೆ ಬಟ್ಟಲಲ್ಲಿ, ಸೊಪ್ಪು, ಕಾಳು, ಮಜ್ಜಿಗೆ ಧಾರಾಳವಾಗಿ, ಚಹಾ ಸಕ್ಕರೆ ಇಲ್ಲದೆ. ನಾರಿನಂಶವನ್ನು ಒಮ್ಮೆಲೇ ಏರಿಸಿದರೆ ಮಲವಿಸರ್ಜನೆಯ ವೇಳಾಪಟ್ಟಿ ಕೆಡುತ್ತದೆ, ನಿಧಾನ ಬೇಕು. ಹುಣ್ಣಿದ್ದಾಗ ಪಥ್ಯ ಕೂಡದು: ಗಾಯ ಮಾಯಲು ಮೊಟ್ಟೆ, ಬೇಳೆಯ ಪ್ರೋಟೀನು ಎಂದಿಗಿಂತ ಹೆಚ್ಚೇ ಬೇಕು.

ವ್ಯಾಯಾಮ ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ಭುಜಗಳಿಗೆ ಬೇಕೇ ಬೇಕು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಾರಕ್ಕೆ ಎರಡು ದಿನ 20 ನಿಮಿಷದ ಏದುಸಿರಿನ ವ್ಯಾಯಾಮ ಮತ್ತು ಸ್ನಾಯುಬಲದ ವ್ಯಾಯಾಮ ಹೇಳುತ್ತದೆ. ಹೃದಯ, ಸಕ್ಕರೆಯ ದೃಷ್ಟಿಯಿಂದ ವಾರಕ್ಕೆ ಮೂರು ದಿನ 30 ನಿಮಿಷ. ಗಾಲಿ ತಳ್ಳುವವರಿಗೆ ಎಳೆಯುವ ವ್ಯಾಯಾಮ ಮುಖ್ಯ. ಕಿಟಕಿ ಸರಳಿಗೆ ರಬ್ಬರು ಪಟ್ಟಿ ಕಟ್ಟಿ ಎಳೆದರೂ ಆದೀತು. ಟಿ-6 ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಬೆವರು ಸರಿಯಾಗಿ ಬರದೆ ಮೈ ಕಾಯುತ್ತದೆ, ರಕ್ತದೊತ್ತಡ ಹಠಾತ್ತನೆ ಏರಿ ತಲೆ ಸಿಡಿಯುವುದೂ ಉಂಟು. ಅಂಥವರು ಫಿಸಿಯೋಥೆರಪಿಸ್ಟರ ಎದುರಲ್ಲೇ ಶುರುಮಾಡಬೇಕು.

ಒಂದೇ ಕಾಲು ದಿಢೀರನೆ ಊದಿಕೊಂಡರೆ ಅದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ನರನೋವಿನ ಮಾತ್ರೆ ತೂಕ ಏರಿಸುತ್ತಿದೆ ಎನಿಸಿದರೆ ತಾನಾಗಿ ನಿಲ್ಲಿಸದೆ ಡಾಕ್ಟರರನ್ನು ಕೇಳಬೇಕು. ತೂಕ ಇಳಿದವರ ಕುಂಡಿಯ ಮೆತ್ತೆಯೂ ತೆಳುವಾಗುವುದರಿಂದ ಹಳೆಯ ಕುರ್ಚಿ ಸಡಿಲವಾಗಿ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಕುರ್ಚಿಯ ಅಗಲ, ಕೂರುವ ದಿಂಬು ಎರಡನ್ನೂ ಹೊಸದಾಗಿ ಅಳೆಸಿ, ಮೊದಲ ಕೆಲವು ವಾರ ಕೈಗನ್ನಡಿ ಹಿಡಿದು ಚರ್ಮವನ್ನು ದಿನಕ್ಕೆರಡು ಸಲ ನೋಡಬೇಕು.