ಮನೆ ಬೆಕ್ಕಿಗೆ ಚರ್ಮದ ತೊಂದರೆಯೇ? ಹಸುವಿನ ಔಷಧಿ ಹಾಕೋ ಮುಂಚೆ ಇದನ್ನು ಓದಿ

"ಬೆಕ್ಕಿಗೂ ಒಂದು ಲೇಖನ ಬೇಕಾ?" ಅಂತ ನಗಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಭತ್ತದ ಚೀಲಕ್ಕೆ, ರೇಷ್ಮೆಹುಳು ಮನೆಗೆ ಇಲಿ ಬರದ ಹಾಗೆ ಕಾಯೋದು ಈ ಬೆಕ್ಕೇ. ರಾತ್ರಿ ಅದು ಮಕ್ಕಳ ಹಾಸಿಗೆಯಲ್ಲೂ ಮಲಗುತ್ತೆ. ಅದರ ಮೈಮೇಲಿನ ಕೆಲವು ಕಾಯಿಲೆ ಮನುಷ್ಯರಿಗೂ ಅಂಟುತ್ತವೆ.

ಮೊದಲು ಯಾವ ತೊಂದರೆ ಅಂತ ಗುರುತಿಸಿ

1. ಚಿಗಟ: ಬೆನ್ನು, ಬಾಲದ ಬುಡ ಕೆರೆದುಕೊಳ್ಳುತ್ತೆ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಕುಡಿದ ರಕ್ತವೇ ಹಾಗೆ ಬಣ್ಣ ಬಿಡೋದು.

2. ಕಜ್ಜಿ: ಕಿವಿಯ ಅಂಚಿನಲ್ಲಿ ಶುರುವಾಗಿ ಮುಖ, ಕತ್ತು, ಪಾದಕ್ಕೆ ಹರಡುತ್ತೆ. ಚರ್ಮ ದಪ್ಪಗಾಗಿ ಹಕ್ಕಳೆ ಕಟ್ಟುತ್ತೆ, ನವೆ ವಿಪರೀತ. ಕಣ್ಣಿಗೆ ಕಾಣದ ನುಸಿ ಇದಕ್ಕೆ ಕಾರಣ. ಒಂದು ಬೆಕ್ಕಿಂದ ಇನ್ನೊಂದಕ್ಕೆ ಬೇಗ ಹರಡುತ್ತೆ.

3. ಹುಳಕಡ್ಡಿ: ಹೆಸರಲ್ಲಿ ಹುಳ ಇದ್ದರೂ ಇದು ಶಿಲೀಂಧ್ರ. ಗುಂಡಗೆ ಕೂದಲು ಉದುರಿ ಹೊಟ್ಟು ಕಾಣುತ್ತೆ, ನವೆ ಕಮ್ಮಿ. ಮರಿಗಳಲ್ಲಿ ಜಾಸ್ತಿ. ಮಕ್ಕಳ ತೋಳು, ಕತ್ತಿನ ಮೇಲೆ ಉಂಗುರದಂಥ ಕೆಂಪು ಗಾಯ ಬಂದರೆ ಬೆಕ್ಕನ್ನೂ ಪರೀಕ್ಷಿಸಿ.

ಇವನ್ನು ಹಾಕಲೇಬೇಡಿ

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ನೋಡಿದ ಬೆಕ್ಕು ಜೊಲ್ಲು ಸುರಿಸುತ್ತಾ, ಮೈಯೆಲ್ಲ ಅದುರುತ್ತಾ ಬಿದ್ದಿತ್ತು. ಚಿಗಟ ಹೋಗಲಿ ಅಂತ ಹಸುವಿನ ಉಣ್ಣೆ ಔಷಧಿಯನ್ನೇ ನೀರಿಗೆ ಬೆರೆಸಿ ಸವರಿದ್ದರು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಹಸು ತಡೆದುಕೊಳ್ಳುತ್ತೆ. ಬೆಕ್ಕಿನ ಯಕೃತ್ತಿಗೆ ಅದನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಇಲ್ಲ, ಮೇಲಾಗಿ ಬೆಕ್ಕು ಮೈ ನೆಕ್ಕುತ್ತೆ. ನಾಯಿಗೆ ಹಾಕುವ ಪರ್‌ಮೆಥ್ರಿನ್ ಹನಿಯೂ ಅಷ್ಟೇ ಅಪಾಯ.

ಇನ್ನೊಂದು ಎಚ್ಚರ: ಬೆಕ್ಕಿನ ಚಿಗಟಕ್ಕೆ ಫಿಪ್ರೋನಿಲ್ ಹನಿ ಸಿಗುತ್ತೆ. ಭತ್ತ, ಕಬ್ಬಿಗೆ ಹೊಡೆಯುವ ಫಿಪ್ರೋನಿಲ್ ಕೂಡ ನಿಮ್ಮ ಮನೇಲಿರಬಹುದು. ಹೆಸರು ಒಂದೇ ಅಂತ ಹೊಲದ ಬಾಟಲಿ ತೆಗೀಬೇಡಿ.

ಫಿನಾಯಿಲ್, ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಬೇಡ. ಪ್ಯಾರಾಸಿಟಮಾಲ್ ಮಾತ್ರೆಯಂತೂ ಒಂದೇ ಒಂದು ಕೊಟ್ಟರೂ ಬೆಕ್ಕು ಸಾಯಬಹುದು. ಮೆಡಿಕಲ್ ಶಾಪಿನ ಸ್ಟೆರಾಯ್ಡ್ ಮುಲಾಮು ಹುಳಕಡ್ಡಿಯನ್ನು ಇನ್ನಷ್ಟು ಹಬ್ಬಿಸುತ್ತೆ.

ತಪ್ಪಿ ಔಷಧಿ ಬಿದ್ದಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಣ ಬಟ್ಟೆ ಸುತ್ತಿ, ಔಷಧಿ ಬಾಟಲಿ ಸಮೇತ ತಕ್ಷಣ ಪಶು ಆಸ್ಪತ್ರೆಗೆ ಹೋಗಿ. ಈಗಾಗಲೇ ಅದುರುತ್ತಿದ್ದರೆ ತೊಳೆಯುತ್ತಾ ಕೂರಬೇಡಿ, ಮೊದಲು ಆಸ್ಪತ್ರೆ.

ಮನೆಯಲ್ಲಿ ಏನು ಮಾಡಬಹುದು?

• ಮೈಮೇಲೆ ಕಾಣುವ ಚಿಗಟ ಒಟ್ಟು ಲೆಕ್ಕದಲ್ಲಿ ಸುಮಾರು 5% ಮಾತ್ರ. ಉಳಿದದ್ದು ಮೊಟ್ಟೆ, ಮರಿ, ಕೋಶವಾಗಿ ಗೋಣಿಚೀಲ, ಮಂಚದ ಕೆಳಗೆ ಇರುತ್ತೆ. ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೂಲೆಗಳನ್ನು ಚೆನ್ನಾಗಿ ಗುಡಿಸಿ.
• ಚಿಗಟ ಇದ್ದರೆ ಮನೆಯ ಎಲ್ಲ ಬೆಕ್ಕು, ನಾಯಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಿ. ನಾಯಿಯ ಔಷಧಿ ನಾಯಿಗೆ, ಬೆಕ್ಕಿನದು ಬೆಕ್ಕಿಗೆ.
• ಸಣ್ಣ ಗೀರಿದ್ದರೆ ಕಾಲು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ತೊಳೆಯಿರಿ.
• ಹುಳಕಡ್ಡಿ ಇರುವ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ, ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೆಯಿರಿ. ಉದುರಿದ ಕೂದಲಲ್ಲಿ ಇದರ ಬೀಜಕಣ ಎಷ್ಟೋ ತಿಂಗಳು ಬದುಕಿರುತ್ತೆ. ಕೂದಲು ಬಂತು ಅಂತ ಔಷಧಿ ಮಧ್ಯದಲ್ಲೇ ನಿಲ್ಲಿಸಬೇಡಿ. ಪೂರ್ತಿ ವಾಸಿಯಾಗೋಕೆ ವಾರಗಟ್ಟಲೆ ಬೇಕು.

ರೇಷ್ಮೆ ಬೆಳೆಗಾರರಿಗೆ

ಚಿಗಟದ ಔಷಧಿಗಳು ಕೀಟನಾಶಕಗಳೇ. ರೇಷ್ಮೆಹುಳುವೂ ಕೀಟವೇ ಅಲ್ವಾ? ಔಷಧಿ ಹಾಕಿದ ಬೆಕ್ಕನ್ನು ಹುಳು ಮನೆಗೆ, ಸೊಪ್ಪಿನ ಕೋಣೆಗೆ ಬಿಡಬೇಡಿ. ಚಾಕಿ ತರುವ ಸಾಕಷ್ಟು ಮುಂಚೆ, ಎರಡು ಬೆಳೆ ನಡುವಿನ ಬಿಡುವಲ್ಲಿ ಚಿಕಿತ್ಸೆ ಮುಗಿಸಿ. ಹಾಗೇ ಹುಳು ಮನೆಗೆ ಹಾಕುವ ಸುಣ್ಣ, ಬ್ಲೀಚಿಂಗ್ ಪುಡಿ ಬೆಕ್ಕಿನ ಪಾದ ಸುಡುತ್ತೆ. ಸೋಂಕು ನಿವಾರಣೆ ದಿನ ಅದನ್ನು ಹೊರಗಿಡಿ.

ಆಸ್ಪತ್ರೆಗೆ ಯಾವಾಗ?

ಹಕ್ಕಳೆ ಮುಖಕ್ಕೆ ಹರಡಿದರೆ, ಕೀವು ಬಂದರೆ, ಮೇವು ಬಿಟ್ಟರೆ, ಮರಿ ಸೊರಗಿದರೆ ಕಾಯಬೇಡಿ. ಕಜ್ಜಿ, ಹುಳಕಡ್ಡಿ ಎರಡಕ್ಕೂ ಒಳ್ಳೆ ಔಷಧಿ ಇದೆ, ಆದರೆ ತೂಕ ನೋಡಿ ವೈದ್ಯರೇ ಕೊಡಬೇಕು. ಮೊಬೈಲಲ್ಲಿ ಹಗಲು ಬೆಳಕಿನಲ್ಲಿ ಗಾಯದ ಫೋಟೋ ತೆಗೆದಿಡಿ. ಮೂರು ದಿನಕ್ಕೊಂದು ತೆಗೆದರೆ ಹೆಚ್ಚಾಯ್ತಾ, ಕಮ್ಮಿಯಾಯ್ತಾ ಅಂತ ವೈದ್ಯರಿಗೂ ತಿಳಿಯುತ್ತೆ. ಪಶು ಸಂಜೀವಿನಿ ಸಂಚಾರಿ ಚಿಕಿತ್ಸೆಗೆ ಸಹಾಯವಾಣಿ ಸಂಖ್ಯೆ 1962.

ಹೋದಾಗ ರೇಬಿಸ್ ಲಸಿಕೆಯನ್ನೂ ಹಾಕಿಸಿ. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ.

ಇವತ್ತು ಸಂಜೆ ಹಾಲು ಹಾಕುವಾಗ ನಿಮ್ಮ ಬೆಕ್ಕಿನ ಕಿವಿ ಅಂಚು, ಬಾಲದ ಬುಡ ಒಂದ್ಸಲ ನೋಡಿಬಿಡಿ. ಎರಡು ನಿಮಿಷದ ಕೆಲಸ.